ಎಣ್ಣೆ ವೆಂಕಟರವಣಪ್ಪ

ವೆಂಕಟರವಣಪ್ಪನವರು ಬೈಯದೆ ಯಾವ ಗಾಡಿಯನ್ನೂ ರಿಪೇರಿ ಮಾಡಿದವರಲ್ಲ. ಬೈಗುಳ ಗಾಡಿಗಲ್ಲ, ಗಾಡಿ ತಂದವರಿಗೆ. ಹೆಸರು ಕೇಳುವ ಮೊದಲೇ ಬಾನೆಟ್ ಎತ್ತಿಸಿ, ಇಂಜಿನ್ನಿನ ಪಕ್ಕದಿಂದ ಎಣ್ಣೆಯ ಅಳತೆಕಡ್ಡಿಯನ್ನು ಸರ್ರನೆ ಎಳೆದು, ತುದಿಗೆ ಅಂಟಿದ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ, ಒಮ್ಮೆ ಮೂಸಿ, ಆಮೇಲೆ ತಲೆಯೆತ್ತಿ ಮಾಲೀಕನ ಮುಖ ನೋಡುವರು. ಸಿಟ್ಟು ಸಣ್ಣದಾದರೆ ಬೈಗುಳ ಕನ್ನಡದಲ್ಲಿ ಬರುತ್ತಿತ್ತು. ದೊಡ್ಡದಾದರೆ ತೆಲುಗಿಗೆ ತಿರುಗುತ್ತಿತ್ತು.

ಅವರ ತಗಡಿನ ಶೆಡ್ಡು ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗುವ ರಸ್ತೆಯ ಬದಿಯಲ್ಲಿತ್ತು. ಉದ್ದನೆಯ ಒಣಕಲು ಮೈ, ಕೊರಳಿನವರೆಗೆ ಗುಂಡಿ ಹಾಕಿದ ಖಾಕಿ ಅಂಗಿ, ಜೇಬಿನಲ್ಲಿ ಒಂದು ಪೆನ್ನು. ಮೆಕ್ಯಾನಿಕ್ಕಿನ ಅಂಗಿಗೆ ಇಸ್ತ್ರಿ ಇರುವುದನ್ನು ನಾನು ನೋಡಿದ್ದು ಅಲ್ಲೊಂದೇ ಕಡೆ. ಸ್ಪ್ಯಾನರುಗಳನ್ನು ನೇತುಹಾಕಿದ ಹಲಗೆಯ ಮೇಲೆ ಬುದ್ಧನ ಪಟವಿತ್ತು. ಅವರ ತಂದೆಯ ಕಾಲದಲ್ಲೇ ಮನೆಯವರೆಲ್ಲ ಬೌದ್ಧರಾಗಿದ್ದರು. "ಅಲ್ನೋಡಿ, ಆ ಮಹಾನುಭಾವ ಎಷ್ಟು ತಣ್ಣಗೆ ಕೂತವ್ನೆ! ನನಗೆ ಮಾತ್ರ ಆಗಲ್ವಲ್ಲ," ಎಂದು ಯಾರನ್ನೋ ಬೈದು ಮುಗಿಸಿದ ಮೇಲೆ ತಾವೇ ನಗುವರು.

ಊರಿನವರು ಅವರನ್ನು ಎಣ್ಣೆ ವೆಂಕಟರವಣಪ್ಪ ಎನ್ನುತ್ತಿದ್ದರು. ಇಂಜಿನ್ ಎಣ್ಣೆಯ ವಿಷಯದಲ್ಲಿ ಅವರಿಗಿದ್ದ ಹಟ ಆ ಹೆಸರು ತಂದಿತ್ತು. ಆದರೆ ಹೊಸಬರು ಇನ್ನೊಂದು ಅರ್ಥ ಮಾಡಿಕೊಂಡು, "ಆಯಪ್ಪ ಬೆಳಗ್ಗೆ ಹೊತ್ತಾದ್ರೂ ಸರಿಯಾಗಿರ್ತಾನಾ?" ಎಂದು ಪಕ್ಕದ ಟೀ ಅಂಗಡಿಯಲ್ಲಿ ವಿಚಾರಿಸುತ್ತಿದ್ದರು. ಜೀವಮಾನದಲ್ಲಿ ಒಂದು ಹನಿಯೂ ಕುಡಿಯದ ಮನುಷ್ಯ ಅದನ್ನು ಕೇಳಿ ಕುದಿಯುತ್ತಿದ್ದರು.

ಶೆಡ್ಡು ಹಾಕುವ ಮೊದಲು ಅವರು ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಐಟಿಐ ಓದಿದವರು, ಕಾಯಂ ಕೆಲಸ. ಒಂದು ಸಲ ಮೇಲಿನವರು, ಎಣ್ಣೆ ಬದಲಾಯಿಸದೆಯೇ ಬದಲಾಯಿಸಿದ್ದೇವೆ ಎಂದು ಪುಸ್ತಕದಲ್ಲಿ ಸಹಿ ಮಾಡಲು ಹೇಳಿದರು. ಇವರು ಮಾಡಲಿಲ್ಲ. ಎರಡನೇ ಸಲ ಹೇಳಿದಾಗ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡು ಗೇಟು ದಾಟಿ ಬಂದುಬಿಟ್ಟರಂತೆ. "ನನ್ನ ಹೆಂಡ್ತಿ ಮೂರು ತಿಂಗಳು ಸರಿಯಾಗಿ ಮಾತಾಡಿಸಲಿಲ್ಲ ಟೀಚರಮ್ಮ," ಎಂದು ನನಗೊಮ್ಮೆ ಹೇಳಿದ್ದರು. "ಅವಳ್ದೂ ತಪ್ಪಿಲ್ಲ. ಆದ್ರೆ ಹಾಕ್ದೇ ಇರೋ ಎಣ್ಣೆಗೆ ಹೆಂಗಮ್ಮ ಸಹಿ ಹಾಕೋದು?"

ನನಗೂ ಅವರಿಗೂ ಪರಿಚಯವಾದದ್ದು ನನ್ನ ಹಳೆಯ ಕಾರಿನಿಂದ. ನಾನು ಆ ರಸ್ತೆಯ ಒಂದು ಹಳ್ಳಿಯ ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರು. ಶಿಡ್ಲಘಟ್ಟದ ಒಬ್ಬ ರೇಷ್ಮೆಗೂಡಿನ ವ್ಯಾಪಾರಿಯಿಂದ ಹದಿನೇಳು ವರ್ಷದ ಪೆಟ್ರೋಲ್ ಕಾರೊಂದನ್ನು ಕೊಂಡಿದ್ದೆ. ಇಂಜಿನ್ ಶಬ್ದವೇ ಇಲ್ಲ, ಹೊಸದರ ಹಾಗಿದೆ ಎಂದು ಹಿಗ್ಗಿ ಅವರ ಶೆಡ್ಡಿಗೆ ತೋರಿಸಲು ಒಯ್ದೆ. ವೆಂಕಟರವಣಪ್ಪ ಕಡ್ಡಿ ಎಳೆದರು, ಉಜ್ಜಿದರು. ಬೆರಳುಗಳನ್ನು ಅಗಲಿಸಿದರೆ ಎಣ್ಣೆ ಬೆಲ್ಲದ ಪಾಕದಂತೆ ಎಳೆಯಾಗಿ ನಿಂತಿತು.

"ಇದಿ ನೂನೆನಾ?" ಎಂದು ಗುಡುಗಿದರು. ಇದೂ ಒಂದು ಎಣ್ಣೆಯೇ ಎಂದು. ಆಮೇಲೆ ನನ್ನ ಗಾಬರಿ ನೋಡಿ ಕನ್ನಡಕ್ಕಿಳಿದರು. "ಅಮ್ಮಾ, ನಿಮಗೆ ಮೋಸ ಆಗೈತೆ. ಒಳಗೆ ಸವೆದಿರೋ ಶಬ್ದ ಕೇಳಿಸಬಾರ್ದು ಅಂತ ಮಂದ ಎಣ್ಣೆ ತುಂಬಿ, ಅದಕ್ಕಿನ್ನೇನೋ ಅಂಟು ಬೆರೆಸಿ ಮಾರವ್ರೆ. ಅಳೋ ಮಗೂಗೆ ಬಾಯಿ ಕಟ್ಟಿದಂಗೆ. ಬೆಳಗ್ಗೆ ತಣ್ಣಗಿರೋವಾಗ ಸ್ಟಾರ್ಟ್ ಮಾಡಿದ್ರೆ ಈ ಪಾಕ ಮೇಲಕ್ಕೆ ಹತ್ತೋದು ಯಾವಾಗ? ಅಷ್ಟೊತ್ತು ಕಬ್ಬಿಣ ಕಬ್ಬಿಣ ತಿಂತಾ ಇರ್ತದೆ."

"ಹಳೇ ಇಂಜಿನ್ನಿಗೆ ಮಂದ ಎಣ್ಣೆಯೇ ಒಳ್ಳೇದು ಅಂತ ಅವರು ಹೇಳಿದ್ರು," ಎಂದೆ.

"ಯಾರು? ಮಾರಿದೋರಾ?" ಎಂದರು. "ಗಾಡಿ ಜೊತೆ ಪುಸ್ತಕ ಕೊಟ್ಟವ್ರಲ್ಲ, ಅದನ್ನ ತೆರೆದು ನೋಡಿದ್ರಾ?"

ನೋಡಿರಲಿಲ್ಲ.

"ಪಾಠ ಓದ್ದೆ ಬರೋ ಮಕ್ಕಳನ್ನ ಏನ್ ಮಾಡ್ತೀರ ನೀವು?"

ಅಂದು ಅವರು ನನ್ನನ್ನು ಮರದ ಸ್ಟೂಲಿನ ಮೇಲೆ ಕೂರಿಸಿ ಡಬ್ಬದ ಮೇಲಿನ ಸಂಖ್ಯೆಗಳನ್ನು ಓದಲು ಕಲಿಸಿದರು. ಮೊದಲ ಸಂಖ್ಯೆ ತಣ್ಣಗಿದ್ದಾಗ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ, ಎರಡನೆಯದು ಕಾದ ಮೇಲೆ ಎಷ್ಟು ದಪ್ಪವಾಗಿ ನಿಲ್ಲುತ್ತದೆ ಎನ್ನುವುದಕ್ಕೆ. ಪೆಟ್ರೋಲ್ ಇಂಜಿನ್ನಿನದೇ ಬೇರೆ, ಡೀಸೆಲ್ಲಿನದೇ ಬೇರೆ. "ಹಳೇದಕ್ಕೆ ಮಂದ, ಹೊಸದಕ್ಕೆ ತೆಳು ಅಂತ ಕಣ್ಣುಮುಚ್ಕೊಂಡು ಹಾಕೋದಲ್ಲ. ಮೊದಲು ಪುಸ್ತಕ ನೋಡ್ಬೇಕು. ಆಮೇಲೆ ಎಷ್ಟು ಸವೆದೈತೆ, ಎಷ್ಟು ಎಣ್ಣೆ ಕುಡಿತೈತೆ, ನಮ್ಮ ಬಿಸಿಲು ಎಂಥದ್ದು, ಎಲ್ಲಾ ನೋಡಿ ಒಂದು ನಂಬರ್ ಆಚೆನೋ ಈಚೆನೋ. ಅಷ್ಟೇಮ್ಮ." ಪಾಕವನ್ನೆಲ್ಲ ಇಳಿಸಿ ಸರಿಯಾದ ಎಣ್ಣೆ ಹಾಕಿದ ಮೇಲೆ ನನ್ನ ಕಾರು ಟಕಟಕ ಶಬ್ದ ಮಾಡತೊಡಗಿತು. "ಈಗ ನಿಜ ಹೇಳ್ತಾ ಐತೆ," ಎಂದು ತೃಪ್ತಿಯಿಂದ ತೋಳು ಮಡಚಿದರು. ಆಮೇಲೆ ಎರಡು ದಿನ ಕೂತು ಆ ಶಬ್ದದ ಮೂಲವನ್ನು ಸರಿಮಾಡಿಕೊಟ್ಟರು.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ.

ನಮ್ಮ ಶಾಲೆಗೊಂದು ಹಳೆಯ ಡೀಸೆಲ್ ಬಸ್ಸಿತ್ತು. ಒಂಬತ್ತು ವರ್ಷ ಅದನ್ನು ವೆಂಕಟರವಣಪ್ಪನವರೇ ನೋಡಿಕೊಂಡಿದ್ದರು. ಬಸ್ಸಿನ ಡ್ರೈವರ್ ಶಫೀವುಲ್ಲಾ, ಮುರುಗಮಲ್ಲದವರು, ನಿಧಾನಸ್ಥರು. ಮಕ್ಕಳನ್ನು ಹತ್ತಿಸಿ ಇಳಿಸುವ ಉಸ್ತುವಾರಿ ನನ್ನದು. ಆ ವರ್ಷ ಶಾಲೆಯ ಟ್ರಸ್ಟಿಗೆ ಹೊಸ ಕಾರ್ಯದರ್ಶಿ ಬಂದರು. ಅವರ ಭಾವಮೈದುನ ಚಿಕ್ಕಬಳ್ಳಾಪುರದಲ್ಲಿ ಇಂಜಿನ್ ಎಣ್ಣೆಯ ಅಂಗಡಿ ತೆರೆದಿದ್ದ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅಲ್ಲಿಂದ ಹೊಳೆಯುವ ಡಬ್ಬಗಳು ಬಂದವು. ಈಗಿನ ಹೊಸ ಪೆಟ್ರೋಲ್ ಕಾರುಗಳಿಗೆ ಹಾಕುವ, ನೀರಿನಷ್ಟು ತೆಳುವಾದ ಎಣ್ಣೆ. ಬಸ್ಸನ್ನೂ ಡಬ್ಬಗಳನ್ನೂ ಶೆಡ್ಡಿಗೆ ಒಯ್ದೆವು.

ವೆಂಕಟರವಣಪ್ಪ ಡಬ್ಬದ ಬೆನ್ನು ಓದಿದರು. ಬೈಯಲಿಲ್ಲ. ಅದೇ ನನಗೆ ಮೊದಲು ಭಯ ಹುಟ್ಟಿಸಿದ್ದು.

"ಇದು ಒಳ್ಳೇ ಎಣ್ಣೆನೇ ಟೀಚರಮ್ಮ. ಈ ಬಸ್ಸಿಗಲ್ಲ. ಇದರ ಬೇರಿಂಗೆಲ್ಲ ಸವೆದು ಸಂದು ಬಿಟ್ಟೈತೆ. ಕಾದ್ರೆ ಈ ನೀರು ಅಲ್ಲಿ ನಿಲ್ಲಲ್ಲ. ಎಣ್ಣೆ ಒತ್ತಡ ಇಳಿದುಹೋಗ್ತದೆ, ಎಣ್ಣೆ ಉರಿದೂ ಹೋಗ್ತದೆ. ನಾನು ಹಾಕಲ್ಲ."

ಜೇಬಿನ ಪೆನ್ನು ತೆಗೆದು, ಹಾಳೆಯೊಂದರಲ್ಲಿ ಗುಂಡು ಅಕ್ಷರಗಳಲ್ಲಿ ಬರೆದರು: ಈ ಎಣ್ಣೆ ಈ ಇಂಜಿನ್ನಿಗೆ ಸಲ್ಲದು, ದಯವಿಟ್ಟು ಹಾಕಬೇಡಿ, ಬಸ್ಸಿನಲ್ಲಿ ಮಕ್ಕಳಿರುತ್ತಾರೆ. ಕೆಳಗೆ ಸಹಿ. ನಾನು ಒಯ್ದುಕೊಟ್ಟ ಆ ಹಾಳೆಯನ್ನು ಕಾರ್ಯದರ್ಶಿ ನನ್ನ ಎದುರೇ ಓದಿ ಮುದ್ದೆ ಮಾಡಿ ಬುಟ್ಟಿಗೆಸೆದರು. "ಶೆಡ್ಡಲ್ಲಿ ಕೂತ್ಕೊಂಡು ನಮಗೆ ಪಾಠ ಹೇಳ್ತಾನಾ ಅವನು?" ಮರುದಿನ ಭಾವಮೈದುನನ ಅಂಗಡಿಯವನೊಬ್ಬ ಬಂದು ಶಾಲೆಯ ಅಂಗಳದಲ್ಲೇ ಬಸ್ಸಿಗೆ ಆ ಎಣ್ಣೆ ತುಂಬಿ ಹೋದ.

ಮೂರು ವಾರವಾಗಿರಬಹುದು. ಶಫೀವುಲ್ಲಾ ನನ್ನನ್ನು ಕರೆದು, "ಟೀಚರ್, ಎಣ್ಣೆದು ಕೆಂಪು ದೀಪ ಆಡ್ತಾ ಐತೆ. ನಿಂತಾಗ ಹತ್ತುತ್ತೆ, ಓಡ್ದಾಗ ಆರುತ್ತೆ," ಎಂದರು. ಕಾರ್ಯದರ್ಶಿಗೆ ಹೇಳಿ ಎಂದೆ. ಅವರು ಹೇಳಿದರು. ಮರುದಿನ ದೀಪ ಹತ್ತಲಿಲ್ಲ. "ಅಂಗಡಿಯವನು ಬಂದು ಸರಿ ಮಾಡಿದ್ನಂತೆ," ಎಂದು ಶಫೀವುಲ್ಲಾ ನಿರಾಳವಾದರು. ನಾನೂ ಆದೆ. ಡಬ್ಬದ ಸಂಖ್ಯೆ ಓದಲು ಕಲಿತಿದ್ದವಳು ನಾನು. ನನಗೆ ಗೊತ್ತಾಗಬೇಕಿತ್ತು.

ಆ ಗುರುವಾರ ಬೆಳಗ್ಗೆ, ಮಕ್ಕಳು ತುಂಬಿದ್ದ ಬಸ್ಸು ಒಂದು ದಿಣ್ಣೆ ಹತ್ತುತ್ತಿತ್ತು. ಕಬ್ಬಿಣ ಕಿರುಗುಟ್ಟಿದಂಥ ಶಬ್ದ ಬಂತು. ಇಂಜಿನ್ ಹಿಡಿದುಕೊಂಡು ನಿಂತೇಹೋಯಿತು. ಬಸ್ಸು ಹಿಂದಕ್ಕೆ ಜಾರತೊಡಗಿತು. "ಇಂಜಿನ್ ನಿಂತು ಬ್ರೇಕ್ ಕಲ್ಲಾಗೋಯ್ತು ಟೀಚರ್, ಮಕ್ಕಳನ್ನ ಹಿಡ್ಕೊಳಿ!" ಎಂದು ಶಫೀವುಲ್ಲಾ ಕೂಗಿದರು. ಅವರು ಸ್ಟೇರಿಂಗಿಗೆ ಜೋತುಬಿದ್ದು ಬಸ್ಸಿನ ಹಿಂಭಾಗವನ್ನು ರಸ್ತೆಬದಿಯ ಮಣ್ಣಿನ ಗುಡ್ಡೆಗೆ ಗುದ್ದಿಸಿ ನಿಲ್ಲಿಸಿದರು. ಆಚೆ ಬದಿಗೆ ತಿರುಗಿಸಿದ್ದರೆ ಕೆರೆಯ ತಗ್ಗು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಆರನೇ ತರಗತಿಯ ಭವ್ಯಾಳ ಬಲಗೈ ಮಣಿಕಟ್ಟು ಸೀಟಿನ ಕಂಬಿಗೆ ಸಿಕ್ಕಿ ಮುರಿಯಿತು. ಚಿಂತಾಮಣಿಯ ಆಸ್ಪತ್ರೆಯವರೆಗೂ ಅವಳು ಅಳಲಿಲ್ಲ. ನನ್ನ ಸೆರಗನ್ನು ಎಡಗೈಯಲ್ಲಿ ಹಿಡಿದುಕೊಂಡೇ ಇದ್ದಳು.

ಶುಕ್ರವಾರ ಕಾರ್ಯದರ್ಶಿ ಒಂದು ಚೀಟಿ ಕಳಿಸಿದರು, ಎಲ್ಲ ತರಗತಿಗಳಲ್ಲೂ ಮಕ್ಕಳ ಡೈರಿಯಲ್ಲಿ ಬರೆಸಬೇಕೆಂದು. "ಮೆಕ್ಯಾನಿಕ್‌ನ ನಿರ್ಲಕ್ಷ್ಯದಿಂದ ಬಸ್ಸು ಕೆಟ್ಟಿರುತ್ತದೆ. ಆತನನ್ನು ತೆಗೆದುಹಾಕಲಾಗಿದೆ. ಪೋಷಕರು ಸಹಕರಿಸಬೇಕು."

ನಾನು ಬರೆಸಿದೆ. ಮೂರು ತರಗತಿಗಳಲ್ಲಿ, ಸ್ಪಷ್ಟವಾಗಿ, ನಿಧಾನವಾಗಿ, ಕಾಗುಣಿತ ತಪ್ಪದ ಹಾಗೆ ಬರೆಸಿದೆ. ಒಬ್ಬ ಹುಡುಗಿ ತಲೆಯೆತ್ತಿ, "ಮಿಸ್, ಮೆಕ್ಯಾನಿಕ್ ಅಂದ್ರೆ ಎಣ್ಣೆ ತಾತನಾ?" ಎಂದಳು. "ಮಾತಾಡಬೇಡ, ಬರಿ," ಎಂದೆ.

ಅಂದು ಸಂಜೆ ಇಪ್ಪತ್ತು ಮೂವತ್ತು ಜನ ಶೆಡ್ಡಿಗೆ ನುಗ್ಗಿದರು. ತಗಡಿಗೆ ಕಲ್ಲು ಬಿತ್ತು. ಭವ್ಯಾಳ ಅಪ್ಪ ವೆಂಕಟರವಣಪ್ಪನವರ ಕೊರಳಪಟ್ಟಿ ಹಿಡಿದು ಅಲ್ಲಾಡಿಸಿದರು. ಗುಂಪಿನಲ್ಲೊಬ್ಬ, "ನಿಮ್ಮಂಥೋರ ಕೈಗೆ ಮಕ್ಕಳ ಬಸ್ಸು ಕೊಟ್ಟಿದ್ದೇ ತಪ್ಪು," ಎಂದ. ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದ ಮುದುಕ ಆಗ ಮಾತ್ರ, "ನಮ್ಮಂಥೋರು ಅಂದ್ರೆ ಎಂಥೋರಪ್ಪಾ? ಬಾಯಿ ಬಿಟ್ಟು ಹೇಳು, ಕೇಳ್ತೀನಿ," ಎಂದರಂತೆ. ಅವನು ಹೇಳಲಿಲ್ಲ. ಹೇಳುವುದೇನೂ ಬೇಕಿರಲಿಲ್ಲ. ಅವನ ಮಾತಿನ ಅರ್ಥ ಎಲ್ಲರಿಗೂ ಆಗಿತ್ತು. ಯಾರೊಬ್ಬರೂ ಅವನನ್ನು ತಡೆಯಲಿಲ್ಲ.

ಮರುದಿನ ಬೆಳಗ್ಗೆ ಅವರು ನಮ್ಮ ಮನೆ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಅಂಗಿಯ ಮೇಲಿನ ಎರಡು ಗುಂಡಿ ಕಿತ್ತುಹೋಗಿದ್ದವು.

"ಬರೆಸಿದ್ದು ನೀವಂತೆ?"

"ಕಾರ್ಯದರ್ಶಿಗಳು ಹೇಳಿದ್ರು..." ಎಂದೆ.

"ಅವರು ಹೇಳಿದ್ರು. ಬರೆಸಿದ್ದು ನೀವು." ಅವರ ದನಿ ಏರಲಿಲ್ಲ. "ಆ ನೀರು ತಂದು ಹುಯ್ದೋನೂ ಹಂಗೇ ಅಂತಾನಮ್ಮ. ಅವರು ಹೇಳಿದ್ರು ಅಂತ."

ಕುರ್ಚಿ ತಂದಿಟ್ಟೆ. ಅವರು ಕೂರಲಿಲ್ಲ.

"ಇವತ್ತು ಪೋಷಕರ ಸಭೆ ಐತಂತೆ. ಬಸ್ಸನ್ನ ಎಳ್ಕೊಂಬಂದು ಅಂಗಳದಲ್ಲೇ ನಿಲ್ಲಿಸವ್ರಂತೆ. ನಾನು ಬರ್ತೀನಿ. ನನ್ನ ಪರವಾಗಿ ಮಾತಾಡಿ ಅಂತ ಕೇಳಕ್ಕೆ ಬರ್ಲಿಲ್ಲ. ನೀವು ಅಲ್ಲಿರಬೇಕು ಅಂತ ಹೇಳಕ್ಕೆ ಬಂದೆ."

ಸಭೆ ಹನ್ನೊಂದಕ್ಕೆ ಶುರುವಾಯಿತು. ಕಾರ್ಯದರ್ಶಿ ಮೈಕು ಹಿಡಿದು ಮಾತಾಡುತ್ತಿದ್ದಾಗ ವೆಂಕಟರವಣಪ್ಪ ಗೇಟಿನಿಂದ ನಡೆದು ಬಂದರು. ಬೇರೆ ಖಾಕಿ ಅಂಗಿ, ಇಸ್ತ್ರಿ ಮಾಡಿದ್ದು. ಗುಂಪು ಗುರುಗುಟ್ಟಿತು. ಅವರು ನೇರ ಶಫೀವುಲ್ಲಾರ ಹತ್ತಿರ ಹೋಗಿ, "ಕೀ ಕೊಡಪ್ಪ," ಎಂದರು. ಶಫೀವುಲ್ಲಾ ಕಾರ್ಯದರ್ಶಿಯ ಮುಖ ನೋಡಿದರು. ಆಮೇಲೆ ಕೀ ಕೊಟ್ಟರು.

"ನಾನು ಭಾಷಣ ಮಾಡಲ್ಲ," ಎಂದರು ವೆಂಕಟರವಣಪ್ಪ. "ಆ ಹುಡುಗಿ ಅಪ್ಪ ಯಾರು? ಬನ್ನಿ ಸ್ವಾಮಿ, ನೀವೇ ಡ್ರೈವರ್ ಸೀಟಲ್ಲಿ ಕೂತ್ಕೊಳಿ. ಸ್ಟಾರ್ಟ್ ಮಾಡ್ಬೇಡಿ, ಕೀ ಒಂದು ಸುತ್ತು ತಿರುಗಿಸಿ ಸಾಕು. ಇಂಜಿನ್ ನಿಂತಿರೋವಾಗ ಕೀ ತಿರುಗಿಸಿದ್ರೆ ಎಣ್ಣೆ ಗುರುತಿನ ಕೆಂಪು ದೀಪ ಹತ್ತಲೇಬೇಕು. ಯಾವ ಗಾಡಿನಾದ್ರೂ ನೋಡ್ಕೊಳಿ. ಹತ್ತಿತಾ?"

ಭವ್ಯಾಳ ಅಪ್ಪ ಕೀ ತಿರುಗಿಸಿದರು. "ಇಲ್ಲ," ಎಂದರು.

"ಬಲ್ಬು ಹೋಗಿರಬೋದು," ಎಂದರು ಕಾರ್ಯದರ್ಶಿ, ಮೈಕಿನಲ್ಲೇ.

ವೆಂಕಟರವಣಪ್ಪ ಬಾನೆಟ್ ಎತ್ತಿ, ಇಂಜಿನ್ನಿನ ಪಕ್ಕಕ್ಕೆ ಕೈ ತೂರಿಸಿ ಆ ದೀಪಕ್ಕೆ ಹೋಗುವ ವೈರನ್ನು ಹೊರಗೆಳೆದರು. ಅದರ ತುದಿಯನ್ನು ಯಾರೋ ನೀಟಾಗಿ ಕತ್ತರಿಸಿದ್ದರು. ಮೇಲೆ ಹೊಚ್ಚಹೊಸ ಕಪ್ಪು ಟೇಪು ಸುತ್ತಿದ್ದರು. ಟೇಪು ಬಿಚ್ಚಿ, ತಾಮ್ರದ ಎಳೆಗಳನ್ನು ಇಂಜಿನ್ನಿನ ಕಬ್ಬಿಣಕ್ಕೆ ಮುಟ್ಟಿಸಿದರು.

"ಹತ್ತಿತು!" ಎಂದು ಸೀಟಿನಿಂದ ಕೂಗು ಬಂತು.

ವೈರು ತೆಗೆದರು. "ಆರಿತು." ಮತ್ತೆ ಮುಟ್ಟಿಸಿದರು. "ಹತ್ತಿತು."

ಮುಂದೆ ಕೂತಿದ್ದವರು ಎದ್ದು ಬಸ್ಸಿನ ಹತ್ತಿರ ಬಂದರು.

"ಬಲ್ಬು ಚೆನ್ನಾಗೈತೆ," ಎಂದರು ವೆಂಕಟರವಣಪ್ಪ. "ಈ ಇಂಜಿನ್ನು ಎಣ್ಣೆ ಸಾಲಲ್ಲ, ಸಾಯ್ತೀನಿ ಅಂತ ಬಡ್ಕೊಂತು. ಯಾರೋ ನಾಲಿಗೆ ಕತ್ತರಿಸವ್ರೆ. ಕತ್ತರಿಸಿ ಅದೇ ಬಸ್ಸಲ್ಲಿ ನಿಮ್ಮ ಮಕ್ಕಳನ್ನ ಕೂರಿಸವ್ರೆ!" ಈಗ ಅವರ ದನಿ ಏರಿತು. "ನಾನು ಈ ಎಣ್ಣೆ ಬೇಡ ಅಂದೆ. ಬರ್ದು ಕೊಟ್ಟೆ. ನನ್ನ ಶೆಡ್ಡಿಗೆ ಕಲ್ಲು ಹೊಡೆದ್ರಲ್ಲ, ಒಬ್ಬರಾದ್ರೂ ಬಂದು ಏನಾಯ್ತು ಅಂತ ಕೇಳಿದ್ರಾ?"

"ಬರೆದದ್ದು ಯಾವುದೂ ನಮಗೆ ಬಂದಿಲ್ಲ," ಎಂದರು ಕಾರ್ಯದರ್ಶಿ.

ಆಗ ನಾನು ಎದ್ದೆ. ಧೈರ್ಯವೆಂದು ಯಾರೂ ತಿಳಿಯಬಾರದು. ಅದಕ್ಕೆ ಒಂದು ದಿನ ತಡವಾಗಿತ್ತು. "ಬಂದಿತ್ತು. ನನ್ನ ಕಣ್ಣೆದುರೇ ಓದಿ ಬುಟ್ಟಿಗೆ ಹಾಕಿದಿರಿ," ಎಂದೆ. ಶಫೀವುಲ್ಲಾ ಕೂಡ ಬಾಯಿಬಿಟ್ಟರು: "ದೀಪ ಸರಿ ಮಾಡ್ತೀನಿ ಅಂತ ಅಂಗಡಿಯವನು ಬಂದಾಗ ನೀವು ಪಕ್ಕದಲ್ಲೇ ನಿಂತಿದ್ರಲ್ಲ ಸಾರ್." ಕಾರ್ಯದರ್ಶಿ, ವಿಚಾರಣೆ ಮಾಡಿಸುತ್ತೇವೆ, ಯಾರ ತಪ್ಪಿದ್ದರೂ ಬಿಡುವುದಿಲ್ಲ ಎಂದು ಹೇಳಿ ಸಭೆ ಮುಗಿಸಿದರು.

ಹೊರಡುವಾಗ ವೆಂಕಟರವಣಪ್ಪ ಒಂದೇ ಮಾತು ಕೇಳಿದ್ದು. "ಡೈರಿಲಿ ಬರೆಸಿದ್ದನ್ನ ಡೈರಿಲೇ ತಿದ್ದಿಸಿ."

ಕಾರ್ಯದರ್ಶಿ ಒಪ್ಪಲಿಲ್ಲ. ಸೋಮವಾರ ನಾನು ಅದೇ ಮೂರು ತರಗತಿಗಳಿಗೆ ಹೋಗಿ ಬರೆಸಿದೆ. "ಬಸ್ಸು ಕೆಟ್ಟದ್ದಕ್ಕೆ ಮೆಕ್ಯಾನಿಕ್ ವೆಂಕಟರವಣಪ್ಪನವರು ಕಾರಣರಲ್ಲ. ಅವರು ಬೇಡವೆಂದ ಎಣ್ಣೆಯನ್ನು ಶಾಲೆಯವರೇ ಹಾಕಿಸಿದರು. ಶುಕ್ರವಾರ ಬರೆಸಿದ್ದು ಸುಳ್ಳು. ಅದನ್ನು ಬರೆಸಿದವಳು ನಾನು." ಕೆಳಗೆ ನನ್ನ ಹೆಸರು ಬರೆಸಿ, ಪೋಷಕರ ಸಹಿ ತರಬೇಕೆಂದೆ. ಸಂಜೆಗೆ ನನಗೆ ಮೆಮೋ ಬಂತು, ಅನುಮತಿಯಿಲ್ಲದೆ ಬರೆಸಿದ್ದೇಕೆ ಎಂದು. ಸುಳ್ಳು ಬರೆಸಲು ಕೊಟ್ಟ ಅನುಮತಿಯನ್ನೇ ನಿಜ ಬರೆಸಲೂ ಬಳಸಿಕೊಂಡೆ ಎಂದು ಉತ್ತರ ಕೊಟ್ಟೆ. ಬಸ್ಸಿನ ಉಸ್ತುವಾರಿಯಿಂದ ನನ್ನನ್ನು ತೆಗೆದರು.

ಅಷ್ಟಕ್ಕೆ ಎಲ್ಲ ಸರಿಹೋಯಿತೆಂದುಕೊಂಡಿದ್ದೆ. ಆಗಲಿಲ್ಲ. ಕೊರಳಪಟ್ಟಿ ಹಿಡಿದ ಸುದ್ದಿ ಸುತ್ತಲ ಹತ್ತು ಹಳ್ಳಿಗೆ ಹಬ್ಬಿತ್ತು, ತಿದ್ದುಪಡಿ ನಮ್ಮ ಮಕ್ಕಳ ಡೈರಿಯಲ್ಲೇ ಉಳಿಯಿತು. ಗಾಡಿಗಳು ಶೆಡ್ಡಿನ ಮುಂದೆ ನಿಲ್ಲದೆ ಹೋಗತೊಡಗಿದವು. ಬಸ್ಸನ್ನು ಗುಜರಿಗೆ ಹಾಕಿದರು. ಶಾಲೆಯ ವಾರ್ಷಿಕೋತ್ಸವಕ್ಕೆ ಕಾರ್ಯದರ್ಶಿ ವೆಂಕಟರವಣಪ್ಪನವರನ್ನು ಕರೆದು ಶಾಲು ಹೊದಿಸುವ ಯೋಚನೆ ಮಾಡಿ, ಕೇಳಿಬರಲು ನನ್ನನ್ನೇ ಕಳಿಸಿದರು! "ಶಾಲಾ?" ಎಂದರು ವೆಂಕಟರವಣಪ್ಪ. "ವೈರ್ ಕತ್ತರಿಸಿದೋನು ಯಾರು ಅಂತ ಮೊದಲು ಹೇಳಲಿ. ನನಗೆ ಚಳಿ ಆಗ್ತಿಲ್ಲ ಅಂತ ಹೇಳಿ." ಎರಡು ವರ್ಷದ ನಂತರ ಶೆಡ್ಡು ಮುಚ್ಚಿ, ಮಂಚೇನಹಳ್ಳಿಯಲ್ಲಿದ್ದ ತಮ್ಮನ ಮನೆಗೆ ಹೆಂಡತಿಯೊಡನೆ ಹೊರಟುಹೋದರು.

ಕಳೆದ ವರ್ಷ ಯುಗಾದಿ ಕಳೆದ ಮೇಲೆ ಅವರ ಫೋನು ಬಂತು. "ಟೀಚರಮ್ಮ, ನಿಮ್ಮ ಕಾರಿನ್ನೂ ಓಡ್ತಾ ಐತಾ? ಕೈ ಮುರ್ಕೊಂಡ ಆ ಹುಡುಗಿನ ನೋಡ್ಬೇಕು, ಕರ್ಕೊಂಡೋಗ್ತೀರಾ?" ಮಂಚೇನಹಳ್ಳಿಗೆ ಹೋಗಿ ಕರೆತಂದೆ. ಮೈ ಅರ್ಧವಾಗಿತ್ತು. ನಾಲ್ಕು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದರು.

ಭವ್ಯಾ ಈಗ ಹತ್ತನೇ ತರಗತಿ ಮುಗಿಸಿದ್ದಳು. ಅವಳ ಅಪ್ಪ ಜಗುಲಿಯಲ್ಲಿ ಚಾಪೆ ಹಾಸಿ, ತಲೆ ತಗ್ಗಿಸಿ, "ಅವತ್ತು ನಾನು ಕೈ ಹಾಕಬಾರ್ದಿತ್ತು ಮೇಸ್ತ್ರಿ," ಎಂದರು. "ನಿಮ್ಮ ಮಗಳು, ನಿಮ್ಮ ಸಂಕಟ," ಎಂದು ವೆಂಕಟರವಣಪ್ಪ ಆ ಮಾತನ್ನು ಅಲ್ಲಿಗೇ ಬಿಟ್ಟರು. ಹುಡುಗಿಯನ್ನು ಹತ್ತಿರ ಕರೆದು, ಅವಳ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿ ನೋಡಿದರು. ಸ್ವಲ್ಪ ದೂರ ತಿರುಗಿ ಅದು ನಿಂತುಹೋಯಿತು.

"ನೋಯ್ತದಾ ಮಗಾ?"

"ಇಲ್ಲ ತಾತ. ತುಂಬ ಹೊತ್ತು ಬರೆದ್ರೆ ಮಾತ್ರ. ಪರೀಕ್ಷೆಲಿ ಕೊನೇ ಪ್ರಶ್ನೆಗಳು ಬರೆಯಕ್ಕಾಗಲ್ಲ."

ಅವರು ಅವಳ ಕೈಯನ್ನು ಮೆಲ್ಲಗೆ ಬಿಟ್ಟರು. ವಾಪಸು ಬರುವಾಗ ಚಿಕ್ಕಬಳ್ಳಾಪುರ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಕೇಳಿದರು. "ಆ ವಿಚಾರಣೆ ಮಾಡಿಸ್ತೀವಿ ಅಂದ್ರಲ್ಲ. ಮಾಡಿಸಿದ್ರಾ?"

"ಇಲ್ಲ ಮೇಸ್ತ್ರಿ."

"ಕಾರ್ಯದರ್ಶಿ?"

"ಅವರೇ ಇದಾರೆ."

"ಹುಡುಗಿ ಕೈ ಹಂಗೇ ಸೊಟ್ಟಗೆ ಕೂತೋಯ್ತಲ್ಲಮ್ಮ," ಎಂದರು. ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳಲಿಲ್ಲ. "ಇದಕ್ಕೆ ಯಾರೂ ಹೊಣೆ ಇಲ್ವಾ?"

ಮಂಚೇನಹಳ್ಳಿಯಲ್ಲಿ ತಮ್ಮನ ಮನೆಯ ಮುಂದೆ ಇಳಿದು, ಬಾಗಿಲನ್ನು ಸದ್ದಾಗದಂತೆ ಹಾಕಿ, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಅದೇ ಕೊನೆ. ಎರಡು ತಿಂಗಳಿಗೆ ತೀರಿಕೊಂಡರು. ಶಾಲೆಯಲ್ಲಿ ಒಂದು ನಿಮಿಷ ಮೌನ ಆಚರಿಸೋಣ ಎಂದು ಕೇಳಿದೆ. ಹೊರಗಿನವರಿಗೆಲ್ಲ ಹಾಗೆ ಮಾಡಲಾಗದು ಎಂದರು ಕಾರ್ಯದರ್ಶಿ. ನನ್ನ ತರಗತಿಯಲ್ಲಿ ಮಕ್ಕಳನ್ನು ನಿಲ್ಲಿಸಿದೆ. ಯಾರಿಗಾಗಿ ಎಂದು ಕೇಳಿದರು. ಕೂರಿಸಿ, ಇದನ್ನೆಲ್ಲ ಹೇಳಿದೆ.